ಮುರುಗಲು ಸಿರಪ್ಪಿಗೆ ಸ್ಟೀಲ್ ಟ್ಯಾಂಕೋ, ಪ್ಲಾಸ್ಟಿಕ್ಕೋ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಒಂದು ಸಣ್ಣ ಘಟಕ. ಮುರುಗಲು ಸಿರಪ್ ಮಾಡಿ ಬೆಂಗಳೂರಿನ ವ್ಯಾಪಾರಿಯೊಬ್ಬರಿಗೆ ಸಗಟಾಗಿ ಕಳಿಸುತ್ತೇವೆ. ಈಗ 1000 ಲೀಟರ್‌ನ ಐಬಿಸಿ ಟ್ಯಾಂಕ್, ಅಂದರೆ ದ್ರವ ತುಂಬಿ ಲಾರಿಯಲ್ಲಿ ಸಾಗಿಸುವ ದೊಡ್ಡ ಚೌಕ ಟ್ಯಾಂಕ್ ತಗೊಳ್ಳಬೇಕು. ಪ್ಲಾಸ್ಟಿಕ್ ಬೇಡ, ಪರಿಸರಕ್ಕೆ ಸ್ಟೀಲೇ ಒಳ್ಳೆಯದು ಅಂತ ಮಗಳು ಹಟ ಹಿಡಿದಿದ್ದಾಳೆ. ಸ್ಟೀಲಿನ ಬೆಲೆ ಕೇಳಿದರೆ ಎದೆ ಧಸಕ್ ಎನ್ನುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಇದನ್ನು ಹೇಳಿ, ಖಾಲಿ ಟ್ಯಾಂಕ್ ಬೆಂಗಳೂರಿನಿಂದ ವಾಪಸ್ ಬರುತ್ತದಾ?

ಬರುವುದಾದರೆ ಮಗಳ ಮಾತಿನಲ್ಲಿ ಹುರುಳಿದೆ. ಸ್ಟೇನ್‌ಲೆಸ್ ಸ್ಟೀಲ್ ತಯಾರಿಸಲು ಬಹಳ ಶಕ್ತಿ ಬೇಕು. ಆದರೆ ಜೋಪಾನ ಮಾಡಿದರೆ 20 ವರ್ಷಕ್ಕೂ ಜಾಸ್ತಿ ಬಾಳುತ್ತದೆ. ಆಮೇಲೂ ಗುಜರಿಯವರು ದುಡ್ಡು ಕೊಟ್ಟೇ ಒಯ್ಯುತ್ತಾರೆ. ವಾಪಸ್ ಬಾರದೆ ಯಾರದೋ ಗೋಡೌನಿನಲ್ಲಿ ಬಿದ್ದಿದ್ದರೆ ಸುಮ್ನೆ ದಂಡ. ತೂಕವನ್ನೂ ನೋಡಿ. ಪ್ಲಾಸ್ಟಿಕ್ಕಿನದು ಖಾಲಿ ಇದ್ದಾಗ ಸುಮಾರು 60 ಕೆ.ಜಿ., ಸ್ಟೀಲಿನದು ಅದರ ಎರಡು ಪಟ್ಟಿಗೂ ಜಾಸ್ತಿ. ಆ ಡೀಸೆಲ್ ಖರ್ಚು ಹೋಗುವಾಗಲೂ ಇದೆ, ಬರುವಾಗಲೂ ಇದೆ.

ಇನ್ನು ಪ್ಲಾಸ್ಟಿಕ್ ಟ್ಯಾಂಕ್ ಅಂದರೆ ಬರೀ ಪ್ಲಾಸ್ಟಿಕ್ ಅಲ್ಲ. ಒಳಗೆ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ದೊಡ್ಡ ಬಾಟಲಿ, ಹೊರಗೆ ಜಿಐ (ಜಿಂಕ್ ಲೇಪಿಸಿದ ಕಬ್ಬಿಣ) ಪೈಪಿನ ಪಂಜರ, ಅಡಿಯಲ್ಲಿ ಅದನ್ನು ಹೊರುವ ಪ್ಯಾಲೆಟ್ ಎಂಬ ಮಣೆ. ಬೇಗ ಸವೆಯುವುದು ಬಾಟಲಿ. ಅದೊಂದನ್ನೇ ಬದಲಾಯಿಸಿ ಪಂಜರ ಉಳಿಸಿಕೊಳ್ಳಬಹುದು. ಖರೀದಿಸುವಾಗಲೇ ಬಿಡಿ ಬಾಟಲಿ ಸಿಗುತ್ತದಾ ಅಂತ ಕೇಳಿ. ನಮ್ಮ ಮಲೆನಾಡಿಗೆ ಮರದ ಪ್ಯಾಲೆಟ್ ಮಾತ್ರ ಬೇಡವೇ ಬೇಡ. ಮಳೆಗಾಲದಲ್ಲಿ ಕುಂಬಾಗುತ್ತದೆ, ಉಳಿದದ್ದು ಒರಲೆ ಪಾಲು. ಪಂಜರದ ವೆಲ್ಡಿಂಗ್ ಜಾಗಗಳನ್ನು ಬೆರಳಾಡಿಸಿ ನೋಡಿ. ಜಿಂಕ್ ಎದ್ದಿದ್ದರೆ ತುಕ್ಕು ಅಲ್ಲಿಂದಲೇ ಶುರು. ಬಿಸಿಲಿಗೂ ಇಡಬೇಡಿ, ಬಾಟಲಿ ಪೆಡಸಾಗಿ ಬಿರುಕು ಬಿಡುತ್ತದೆ.

ನೀವು ಉಪ್ಪು ಹಾಕಿದ ಮುರುಗಲು ರಸವನ್ನೂ ತುಂಬಿಸುವವರಾದರೆ ಲೆಕ್ಕವೇ ಬೇರೆ. ಹುಳಿ, ಉಪ್ಪು ಎರಡೂ ಸೇರಿದರೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರಮೇಣ ಸಣ್ಣ ಸಣ್ಣ ಗುಳಿ ಬೀಳುತ್ತವೆ. 316 ದರ್ಜೆಯದು ತಡೆದೀತು, ಆದರೆ ಬೆಲೆ ಇನ್ನೂ ಮೇಲೆ. ಉಪ್ಪಿನ ರಸಕ್ಕೆ ಫುಡ್ ಗ್ರೇಡ್ ಎಚ್‌ಡಿಪಿಇ ಸಾಕು.

ಅಗ್ಗಕ್ಕೆ ಸಿಕ್ಕಿತು ಅಂತ ಕೆಮಿಕಲ್ ತುಂಬಿದ್ದ ಹಳೇ ಟ್ಯಾಂಕಿನಲ್ಲಿ ಸಿರಪ್ ಹಾಕಬೇಡಿ. ಪ್ಲಾಸ್ಟಿಕ್ ಅದನ್ನು ಹೀರಿಕೊಂಡಿರುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಮೊದಲು ಏನಿತ್ತು ಅಂತ ಲೇಬಲ್ ನೋಡಿ. ತೀರಾ ವಿಷದ್ದಲ್ಲದಿದ್ದರೆ, ಚೆನ್ನಾಗಿ ತೊಳೆದು ಅಡಿಕೆ ತೋಟಕ್ಕೆ ಹೊಡೆಯುವ ಬೋರ್ಡೋಗೆ (ಮೈಲುತುತ್ತ, ಸುಣ್ಣದ ದ್ರಾವಣ) ಇಟ್ಟುಕೊಳ್ಳಿ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ, ಪ್ಲಾಸ್ಟಿಕ್ಕಿಗೆ ಏನೂ ಮಾಡುವುದಿಲ್ಲ.

ನಾನಾದರೆ ಬರೀ ಸಿರಪ್ ಇಡಲು ಘಟಕದಲ್ಲಿ ಒಂದು ಸ್ಟೀಲ್ ಟ್ಯಾಂಕ್, ಓಡಾಟಕ್ಕೆ ಪ್ಲಾಸ್ಟಿಕ್ಕಿನದು ತಗೊಳ್ಳುತ್ತಿದ್ದೆ. ವ್ಯಾಪಾರಿಯಿಂದ ಪ್ರತಿ ಟ್ಯಾಂಕಿಗೂ ಡಿಪಾಸಿಟ್ ಇಸಕೊಳ್ಳಿ. ಇಲ್ಲದಿದ್ದರೆ ನಿಮ್ಮ ಟ್ಯಾಂಕ್ ಅವರ ಮನೆಯ ನೀರಿನ ತೊಟ್ಟಿ ಆಗಿರುತ್ತದೆ, ಅಲ್ವಾ?