ಕಂಪ್ಯೂಟರ್‌ನಲ್ಲಿ ಮೈನ್‌ಕ್ರಾಫ್ಟ್ ಗೇಮ್‌ನ ಜಾವಾ ಎಡಿಷನ್ ಆಡುತ್ತೇನೆ. ಡ್ಯುಯಲ್‌ನಲ್ಲಿ (ಒಬ್ಬರಿಗೊಬ್ಬರ ಕಾಳಗದಲ್ಲಿ) ಇಬ್ಬರ ಕೈಯಲ್ಲೂ ಡೈಮಂಡ್ ಕತ್ತಿ, ಶೀಲ್ಡ್ (ಗುರಾಣಿ) ಇರುತ್ತವೆ, ಎಷ್ಟು ಬೇಗ ಕ್ಲಿಕ್ ಮಾಡಿದರೂ ಸೋಲುತ್ತೇನೆ. ಕತ್ತಿ ಕಾಳಗದಲ್ಲಿ ಪಳಗುವುದು ಹೇಗೆ?

ಬೇಗ ಬೇಗ ಕ್ಲಿಕ್ ಮಾಡುತ್ತಿರುವುದರಿಂದಲೇ ಸೋಲುತ್ತಿದ್ದೀರಿ. ಬೇಜಾರು ಮಾಡ್ಕೋಬೇಡಿ, ನಾನೂ ಒಂದು ವರ್ಷ ಹೀಗೇ ಕುಟ್ಟಿದವನು.

ಕಂಪ್ಯೂಟರ್‌ನಲ್ಲಿ ಜಾವಾ ಎಡಿಷನ್, ಇಬ್ಬರ ಕೈಯಲ್ಲೂ ಡೈಮಂಡ್ ಕತ್ತಿ ಮತ್ತು ಶೀಲ್ಡ್ ಅಂತ ಬರೆದಿದ್ದೀರಿ. ಹಾಗಾಗಿ ಅದಕ್ಕೆ ಮಾತ್ರ ಹೇಳುತ್ತೇನೆ. ಮೊಬೈಲ್‌ನಲ್ಲಿ ಆಡುವ ಬೆಡ್‌ರಾಕ್ ಎಡಿಷನ್‌ನಲ್ಲಿ ಲೆಕ್ಕವೇ ಬೇರೆ. ಹಳೇ 1.8 ವರ್ಷನ್ ಇಟ್ಟುಕೊಂಡಿರುವ ಸರ್ವರ್‌ಗಳಲ್ಲೂ ಅಷ್ಟೇ, ಅಲ್ಲಿ ಕೈ ಚುರುಕಿದ್ದವನದೇ ರಾಜ್ಯ. 2016ರಲ್ಲಿ ಬಂದ 1.9 ವರ್ಷನ್ ಇದನ್ನು ಬದಲಾಯಿಸಿತು. ಒಂದು ಸಲ ಕತ್ತಿ ಬೀಸಿದರೆ ಅದರ ಬಲ ಮತ್ತೆ ಪೂರ್ತಿ ತುಂಬಿಕೊಳ್ಳಲು 0.625 ಸೆಕೆಂಡ್ ಬೇಕು.

ನನಗೆ ಇದು ಗೊತ್ತಾಗಿದ್ದು ಚಿಕ್ಕಮ್ಮನ ಮಗನಿಂದ. ಎಂಟನೇ ಕ್ಲಾಸ್ ಹುಡುಗ, ಗುಬ್ಬಿಯವನು. ಬೇಸಿಗೆ ರಜೆಗೆ ಕ್ಯಾತ್ಸಂದ್ರದ ನಮ್ಮ ಮನೆಗೆ ಬಂದಿದ್ದ. ನಾನು ರೂಮಿನಲ್ಲಿ ಡೆಸ್ಕ್‌ಟಾಪ್ ಮುಂದೆ, ಅವನು ಹಾಲ್‌ನಲ್ಲಿ ಅವರಪ್ಪನ ಲ್ಯಾಪ್‌ಟಾಪ್ ಹಿಡಿದು. ಒಂದೇ ವೈಫೈ, ಹಾಗಾಗಿ ಸೋತರೆ ಲ್ಯಾಗ್ (ನೆಟ್ ನಿಧಾನ) ಅಂತ ನೆಪ ಹೇಳುವ ಹಾಗೂ ಇಲ್ಲ. ಹನ್ನೊಂದು ಆಟ ಸತತವಾಗಿ ಸೋತೆ. ಹನ್ನೆರಡನೆಯದರಲ್ಲಿ ಹೆಡ್‌ಫೋನ್ ತೆಗೆದಿಟ್ಟಿದ್ದೆ, ಹಾಲ್‌ನಿಂದ ಅವನ ಮೌಸ್ ಸದ್ದು ಕೇಳಿಸಿತು. ಟಕ್. ಸ್ವಲ್ಪ ಹೊತ್ತು ಏನಿಲ್ಲ. ಟಕ್. ನನ್ನ ಮೌಸ್ ಮಾತ್ರ ಹಂಚಿನ ಮೇಲೆ ಮಳೆ ಬಿದ್ದ ಹಾಗೆ ಪಟಪಟ ಅಂತಿತ್ತು. "ಅಣ್ಣಾ, ಕಾಯಿ ಸುಲಿಯೋವಾಗ ಯಾರಾದ್ರೂ ಹಂಗೆ ಕುಟ್ತಾರಾ? ಒಂದೇ ಸಲ ಕುಕ್ಕಬೇಕು" ಅಂತ ಅಲ್ಲಿಂದಲೇ ಕೂಗಿದ. ತೆಂಗಿನ ತೋಟದ ಮನೆ ಹುಡುಗ ನೋಡಿ.

ಆಮೇಲೆ ಕೂತು ಲೆಕ್ಕ ಹಾಕಿದೆ. ಡೈಮಂಡ್ ಕತ್ತಿಯ ಪೂರ್ತಿ ಏಟು 7. ಒಬ್ಬ ಆಟಗಾರನ ಜೀವ 20, ಅಂದರೆ ಹತ್ತು ಹಾರ್ಟ್. ಆರ್ಮರ್ (ಕವಚ) ಇಲ್ಲದವನು ಮೂರು ಏಟಿಗೆ ಮುಗಿದ. ಆದರೆ ಕತ್ತಿ ಅರ್ಧ ತುಂಬಿದಾಗಲೇ ಹೊಡೆದರೆ ಅರ್ಧ ಏಟೂ ಬೀಳುವುದಿಲ್ಲ, ಸುಮಾರು ಶೇಕಡಾ 40 ಮಾತ್ರ. ಅಂದರೆ ಮೂರರ ಬದಲು ಎಂಟು ಏಟು ಬೇಕು. ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಒಂದು ಏಟು ಬಿದ್ದ ಮೇಲೆ ಅರ್ಧ ಸೆಕೆಂಡ್ ಎದುರಾಳಿಗೆ ಅಷ್ಟೇ ದೊಡ್ಡ ಅಥವಾ ಅದಕ್ಕಿಂತ ಸಣ್ಣ ಏಟು ತಾಗುವುದೇ ಇಲ್ಲ. ಅಂದರೆ ನೀವು ಅವಸರದಲ್ಲಿ ಕೊಟ್ಟ ಪುಟ್ಟ ಏಟೇ ಅವನನ್ನು ನಿಮ್ಮ ಮುಂದಿನ ಪುಟ್ಟ ಏಟಿನಿಂದ ಕಾಪಾಡುತ್ತದೆ! ಗಾಳಿಗೆ ಬೀಸಿದರೂ ಮತ್ತೆ ಸೊನ್ನೆಯಿಂದ ತುಂಬಬೇಕು. ಹಾಟ್‌ಬಾರ್‌ನಲ್ಲಿ (ಪರದೆಯ ಕೆಳಗಿನ ಸಾಮಾನಿನ ಸಾಲಿನಲ್ಲಿ) ಆಯುಧ ಬದಲಿಸಿದರೂ ಅದೇ ಗತಿ.

ವಿಡಿಯೊ ಸೆಟ್ಟಿಂಗ್ಸ್‌ನಲ್ಲಿ ಕತ್ತಿ ಎಷ್ಟು ತುಂಬಿದೆ ಅಂತ ತೋರಿಸುವ ಅಟ್ಯಾಕ್ ಇಂಡಿಕೇಟರ್ ಇದೆ, ಅದನ್ನು ಕ್ರಾಸ್‌ಹೇರ್‌ಗೆ (ಪರದೆ ನಡುವಿನ ಗುರಿಯ ಗುರುತಿಗೆ) ಇಡಿ. ಮೊದಲ ವಾರ ಗೆಲ್ಲುವ ಆಸೆ ಬಿಟ್ಟುಬಿಡಿ. ಗುರುತಿನ ಕೆಳಗಿನ ಪಟ್ಟಿ ತುಂಬುವ ತನಕ ಬೆರಳು ಎತ್ತಿಟ್ಟುಕೊಂಡು ಸುಮ್ನೆ ಅವನ ಸುತ್ತ ಓಡಾಡಿ. ಮೈಯೆಲ್ಲಾ ತುರಿಸಿದ ಹಾಗಾಗುತ್ತದೆ, ಆದರೂ ಹೊಡೆಯಬೇಡಿ. ನಾಲ್ಕೈದು ದಿನಕ್ಕೆ ಪಟ್ಟಿ ನೋಡುವ ಅಗತ್ಯವೇ ಇರಲ್ಲ, ಕೈಗೇ ತಾಳ ಹತ್ತುತ್ತದೆ.

ಮುಂದಿನದು ದೂರ. ಕತ್ತಿ ತಾಗುವುದು ಮೂರು ಬ್ಲಾಕ್ (ಆಟದ ಚೌಕ) ದೂರದವರೆಗೆ ಮಾತ್ರ. ಹೊಸಬರೆಲ್ಲ ಎದುರಾಳಿಯ ಮೂಗಿಗೆ ಮೂಗು ಹಚ್ಚಿ ನಿಲ್ಲುತ್ತಾರೆ, ನಾನೂ ನಿಲ್ಲುತ್ತಿದ್ದೆ. ಕತ್ತಿ ತುಂಬುವಾಗ ಎಸ್ ಒತ್ತಿ ಒಂದು ಹೆಜ್ಜೆ ಹಿಂದೆ, ತುಂಬಿದ ಮೇಲೆ ಓಡಿ ಒಳಗೆ. ಸ್ಪ್ರಿಂಟ್‌ನಲ್ಲಿ, ಅಂದರೆ ಜೋರಾಗಿ ಓಡುತ್ತಾ, ಹೊಡೆದ ಪೂರ್ತಿ ಏಟು ಅವನನ್ನು ಜಾಸ್ತಿ ದೂರ ತಳ್ಳುತ್ತದೆ. ಏಟು ಬಿದ್ದ ಕೂಡಲೇ ನಿಮ್ಮ ಓಟ ನಿಲ್ಲುತ್ತದೆ, ಆದ್ದರಿಂದ ಮುಂದೆ ಹೋಗುವ ಡಬ್ಲ್ಯೂ ಕೀ ಬಿಟ್ಟು ಮತ್ತೆ ಓಟ ಶುರು ಮಾಡಿ. ಇದಕ್ಕೇ ಡಬ್ಲ್ಯೂ ಟ್ಯಾಪ್ ಅನ್ನುತ್ತಾರೆ. ಅವನು ತಿರುಗಿ ಹತ್ತಿರ ಬರುವಷ್ಟರಲ್ಲಿ ನಿಮ್ಮ ಕತ್ತಿ ತಯಾರಾಗಿರುತ್ತದೆ.

ಕ್ರಿಟ್ (ಕ್ರಿಟಿಕಲ್ ಏಟು) ಬಗ್ಗೆ ಎಲ್ಲರೂ ಹೇಳುತ್ತಾರೆ, ಅರ್ಧ ಮಾತ್ರ ಹೇಳುತ್ತಾರೆ. ಹಾರಿ ಕೆಳಗಿಳಿಯುವಾಗ ಹೊಡೆದರೆ ಒಂದೂವರೆ ಪಟ್ಟು, 7 ಇದ್ದದ್ದು 10.5 ಆಗುತ್ತದೆ. ಎರಡೇ ಏಟಿಗೆ ಕೆಲಸ ಮುಗಿಯಿತು. ಆದರೆ ಸ್ಪ್ರಿಂಟ್‌ನಲ್ಲಿದ್ದರೆ ಕ್ರಿಟ್ ಆಗಲ್ಲ. ತಳ್ಳಬೇಕಾ, ಕ್ರಿಟ್ ಬೇಕಾ ಅಂತ ಪ್ರತಿ ಸಲ ಮೊದಲೇ ತೀರ್ಮಾನಿಸಬೇಕು. ನಾನು ಮೊದಲ ಏಟಿನಲ್ಲಿ ತಳ್ಳುತ್ತೇನೆ. ಅವನು ಸಿಟ್ಟಿನಲ್ಲಿ ನೇರವಾಗಿ ನುಗ್ಗಿ ಬರುತ್ತಾನಲ್ಲ, ಆಗ ಹಾರಿ ಕ್ರಿಟ್.

ಶೀಲ್ಡ್ ಹಿಂದೆ ಅಡಗಿ ಕೂರುವವರಿಗೆ ಮದ್ದು ಅಂದರೆ ಕೊಡಲಿ ಎಂಬ ಆಯುಧ. ಕೊಡಲಿ ಏಟು ಬಿದ್ದರೆ ಶೀಲ್ಡ್ 5 ಸೆಕೆಂಡ್ ಕೆಲಸ ಮಾಡಲ್ಲ. ಹಾಟ್‌ಬಾರ್‌ನಲ್ಲಿ ಕತ್ತಿ 1ರಲ್ಲಿ, ಕೊಡಲಿ 2ರಲ್ಲಿ ಇಟ್ಟು ಆ ಅಂಕಿಯ ಕೀ ಒತ್ತಿ, ಮೌಸ್ ಚಕ್ರ ತಿರುಗಿಸಿ ಹುಡುಕಬೇಡಿ. ನಿಮ್ಮ ಶೀಲ್ಡನ್ನು ಏಟು ಬರುವ ಮೊದಲೇ ಎತ್ತಿ. ಬಟನ್ ಒತ್ತಿದ ಮೇಲೆ ಅದು ತಡೆಯಲು ಶುರು ಮಾಡುವುದು ಕಾಲು ಸೆಕೆಂಡ್ ಆದ ಮೇಲೆ.

ಇಷ್ಟೆಲ್ಲ ಮಾಡಿಯೂ ಆನ್‌ಲೈನ್‌ನಲ್ಲಿ ಏಟು ತಾಗುತ್ತಿಲ್ಲವಾದರೆ ಪಿಂಗ್ (ನಿಮ್ಮ ಸಂದೇಶ ಸರ್ವರ್‌ಗೆ ಹೋಗಿ ಬರುವ ಸಮಯ) ನೋಡಿ. ಸರ್ವರ್ ಸೆಕೆಂಡಿಗೆ 20 ಸಲ ಲೆಕ್ಕ ಹಾಕುತ್ತದೆ, ಒಂದೊಂದಕ್ಕೆ 50 ಮಿಲಿಸೆಕೆಂಡ್. ಪಿಂಗ್ 200 ಮಿಲಿಸೆಕೆಂಡ್ ಇದ್ದರೆ ನೀವು ನಾಲ್ಕು ಲೆಕ್ಕ ಹಿಂದೆ ಇದ್ದೀರಿ. ನಿಮ್ಮ ಪರದೆಯಲ್ಲಿ ಅವನು ಕಾಣುವ ಜಾಗದಲ್ಲಿ ಅವನು ಈಗ ಇಲ್ಲವೇ ಇಲ್ಲ. ಹತ್ತಿರದ ಸರ್ವರ್ ಹುಡುಕಿ, ಆಗದಿದ್ದರೆ ಮನೆಯವರು ಮೊಬೈಲ್‌ನಲ್ಲಿ ಕ್ರಿಕೆಟ್ ನೋಡುವ ಹೊತ್ತಿನಲ್ಲಿ ಆಡಬೇಡಿ.

ಚಿಕ್ಕಮ್ಮನ ಮಗ ದಸರಾ ರಜೆಗೆ ಮತ್ತೆ ಬಂದಿದ್ದ. ಹತ್ತು ಆಟದಲ್ಲಿ ನಾಲ್ಕು ನಾನು ಗೆದ್ದೆ. ಐದನೆಯದೂ ನನ್ನದೇ ಆಗುತ್ತಿತ್ತು, ಅವನಿಗೆ ಒಂದೇ ಹಾರ್ಟ್ ಉಳಿದಿತ್ತು, ಕರೆಂಟ್ ಹೋಯಿತು. ನನ್ನ ಡೆಸ್ಕ್‌ಟಾಪ್‌ಗೆ ಯುಪಿಎಸ್ ಇಲ್ಲ. ಅವನ ಲ್ಯಾಪ್‌ಟಾಪ್ ಮಾತ್ರ ಹಾಲ್‌ನಲ್ಲಿ ಉರಿಯುತ್ತಾ ಇತ್ತು, ಹಾಗಾಗಿ ಆ ಆಟ ತನ್ನದೇ ಅಂತ ಇವತ್ತಿಗೂ ವಾದ ಮಾಡುತ್ತಾನೆ.