ಕೂಲಿಂಗ್ ವೆಸ್ಟ್‌ಗೆ 15 ಡಿಗ್ರಿ ಪ್ಯಾಕ್ ಒಳ್ಳೇದಾ, 28 ಡಿಗ್ರಿದಾ?

ಕೂಲಿಂಗ್ ವೆಸ್ಟ್ ಅಂದ್ರೆ ಮೈ ತಂಪಾಗಿಡೋ ಪ್ಯಾಕ್‌ಗಳಿರೋ ತೋಳಿಲ್ಲದ ಜಾಕೆಟ್; 15, 28 ಅನ್ನೋದು ಆ ಪ್ಯಾಕ್ ಒಳಗಿರೋದು ಕರಗೋ ಡಿಗ್ರಿ. ರೈಸ್ ಮಿಲ್ ಬಾಯ್ಲರ್ ಪಕ್ಕದ ಕೆಲಸ ಅಂದಿದ್ದೀರಿ. 28ರದ್ದಕ್ಕೆ ಫ್ರಿಜ್ಜೇ ಬೇಡವಂತೆ ಅಂತಲೂ ಬರೆದಿದ್ದೀರಿ. ಆ ಒಂದು ಮಾತು ನಂಬಿಯೇ ನಾನು ಕೆಟ್ಟಿದ್ದು.

ಬಳ್ಳಾರಿ ಹತ್ತಿರ ಸ್ಪಾಂಜ್ ಐರನ್ ಫ್ಯಾಕ್ಟರಿಯಲ್ಲಿ ಕಿಲ್ನ್ (ದೊಡ್ಡ ಕುಲುಮೆ) ಡ್ಯೂಟಿ ನನ್ನದು. ಮೇ ತಿಂಗಳಲ್ಲಿ ಓವರ್‌ಟೈಮ್ ದುಡ್ಡು ಕೂಡಿಸಿ 28ರ ವೆಸ್ಟ್ ತರಿಸಿದೆ. ರೂಮಿನಲ್ಲಿಟ್ಟರೆ ಸಾಕು, ತಾನೇ ಗಟ್ಟಿಯಾಗುತ್ತೆ ಅಂತ ಡಬ್ಬಿ ಮೇಲೇ ಇತ್ತು. ಮೊದಲ ರಾತ್ರಿ ಕಂಟ್ರೋಲ್ ರೂಮಿನಲ್ಲೇ ಬಿಟ್ಟು ಹೋದೆ. ಬೆಳಿಗ್ಗೆ ನೋಡಿದರೆ ಪ್ಯಾಕ್‌ಗಳು ಹಲಗೆ ಥರ, ಒಂದಕ್ಕೊಂದು ತಾಗಿಸಿದರೆ ಟಕ್ ಅಂತಿದ್ದವು. ಎರಡು ಗಂಟೆ ಹತ್ತಿರ ಬೆನ್ನಿಗೆ ಯಾರೋ ಒದ್ದೆ ಕೈ ಇಟ್ಟ ಹಾಗೆ ಹಿತವಾಗಿತ್ತು.

ಜಂಬದಿಂದ ಮನೆಗೆ ತಂದು ಗೋಡೆ ಮೊಳೆಗೆ ನೇತುಹಾಕಿದೆ. ಮಾರನೇ ದಿನ ಪ್ಯಾಕ್ ಹಾಲಿನ ಪ್ಯಾಕೆಟ್ ಥರ ಕುಲುಕುತ್ತಿತ್ತು. ಹಾಕ್ಕೊಂಡ ಮೇಲೆ ತಂಪಾಗುತ್ತೇನೋ ಅಂತ ಹಾಗೇ ಹೋದೆ! ಮೂರು ದಿನ ಹಾಗೇ. ಮೂರನೇ ದಿನ ಮಧ್ಯಾಹ್ನ ಕಣ್ಣು ಕತ್ತಲೆ ಬಂದು ಕಬ್ಬಿಣದ ಮೆಟ್ಟಿಲ ಮೇಲೇ ಕುಸಿದೆ. ಡ್ರಿಪ್ ಹಾಕಿಸಿಕೊಂಡು ಮನೆಗೆ ಬಂದರೆ ನಮ್ಮಜ್ಜಿ ಪ್ಯಾಕ್ ಅಮುಕಿ ನೋಡಿ, "ಬ್ಯಾಸಿಗ್ಯಾಗ ಕೊಬ್ರಿ ಎಣ್ಣಿ ಎಲ್ಲಾದ್ರೂ ಗಟ್ಟಿ ಆಗ್ತತೇನೋ?" ಅಂದರು.

ಅಷ್ಟೇ ವಿಷಯ. ಇದರೊಳಗಿರೋದು ಒಂಥರಾ ಮೇಣ. ಕರಗಿದ ಮೇಣ ಒಂದು ಕಿಲೋ ಒಂದು ಡಿಗ್ರಿ ಬಿಸಿಯಾಗೋಕೆ ಸುಮಾರು 2 ಕಿಲೋಜೂಲ್ ಶಾಖ ಸಾಕು. ಅದೇ ಒಂದು ಕಿಲೋ ಗಟ್ಟಿ ಮೇಣ ಕರಗೋಕೆ ಸುಮಾರು 200 ಬೇಕು. ಆ 200 ನಮ್ಮ ಮೈಯಿಂದ ಹೋಗುತ್ತೆ, ಕರಗಿ ಮುಗಿಯೋವರೆಗೂ ಪ್ಯಾಕ್ 28ರ ಆಸುಪಾಸಲ್ಲೇ ನಿಂತಿರುತ್ತೆ. ಆಟವೆಲ್ಲ ಕರಗೋದರಲ್ಲೇ ಇರೋದು. ಮೊದಲೇ ಕರಗಿದ್ದರೆ ಅದು ಹೊರೆ ಅಷ್ಟೇ. ಹೊರೆಗಿಂತ ಕೆಟ್ಟದ್ದು, ಯಾಕಂದ್ರೆ ಬೆವರು ಆರೋಕೂ ಬಿಡಲ್ಲ. ಮೊದಲ ರಾತ್ರಿ ಅದನ್ನ ಗಟ್ಟಿ ಮಾಡಿದ್ದು ಕಂಟ್ರೋಲ್ ರೂಮಿನ ಎಸಿ. ನಮ್ಮ ಮನೆ ಮೇ ತಿಂಗಳಲ್ಲಿ ರಾತ್ರಿ ಹನ್ನೆರಡಕ್ಕೂ 30ರ ಕೆಳಗಿಳಿಯಲ್ಲ. 28ಕ್ಕಿಂತ ಬಿಸಿ ಇರೋ ಜಾಗದಲ್ಲಿ ಅದು ವರ್ಷವಿಟ್ಟರೂ ಗಟ್ಟಿಯಾಗಲ್ಲ. ಇಷ್ಟು ಸಣ್ಣ ಲೆಕ್ಕ ಹೊಳೆಯದೆ, ಪೀಸ್ ಡಿಫೆಕ್ಟ್ ಅಂತ ಮಾರಿದವನ ಜೊತೆ ಫೋನಲ್ಲಿ ಜಗಳ ಬೇರೆ ಆಡಿದ್ದೆ.

ಹಾಗಾಗಿ 15ರದ್ದಾ 28ರದ್ದಾ ಅನ್ನೋ ಪ್ರಶ್ನೆಯೇ ಸರಿಯಿಲ್ಲ. ಚರ್ಮ 34-35 ಡಿಗ್ರಿ ಇರುತ್ತೆ, 15ರದ್ದು ಬೇಗ ಶಾಖ ಎಳೆದು ಬೇಗ ಮುಗಿಯುತ್ತೆ. 28ರದ್ದು ನಿಧಾನ, ಬಾಳಿಕೆ ಜಾಸ್ತಿ. ಯಾವುದಾದರೂ ನಡೆಯುತ್ತೆ. ಕೇಳಬೇಕಾದ್ದು ಇದು: ಮತ್ತೆ ಗಟ್ಟಿ ಮಾಡೋದು ಎಲ್ಲಿ? ಮಿಲ್‌ನಲ್ಲಿ ಫ್ರಿಜ್ ಇದೆಯಾ? ಇಲ್ಲದಿದ್ದರೆ ಐಸ್‌ಬಾಕ್ಸ್ ತಗೊಂಡು ನೀರು, ಐಸ್ ಹಾಕಿ ಪ್ಯಾಕ್ ಮುಳುಗಿಸಿಡಿ. ನನ್ನ 28ರದ್ದು ಅರ್ಧ ಗಂಟೆಯಲ್ಲಿ ಟಕ್ ಅನ್ನುತ್ತೆ. ಎರಡು ಸೆಟ್ ಇಟ್ಟುಕೊಳ್ಳಿ: ಒಂದು ಮೈಮೇಲೆ, ಒಂದು ಬಾಕ್ಸಲ್ಲಿ.

ತೆಳು ಬನಿಯನ್ ಮೇಲೆ ಬಿಗಿಯಾಗಿ ಹಾಕಿ, ಸಡಿಲ ಬಿಟ್ಟರೆ ದುಡ್ಡು ದಂಡ. ನೀರಲ್ಲಿ ನೆನೆಸಿ ಹಾಕೋ ಅಗ್ಗದ ವೆಸ್ಟ್ ನಿಮಗೆ ಬೇಡವೇ ಬೇಡ. ಹಬೆ ತುಂಬಿದ ಜಾಗದಲ್ಲಿ ನೀರು ಆರೋದು ಎಲ್ಲಿಗೆ? ಮೇಣಕ್ಕೆ ಬೆಂಕಿ ಹತ್ತುತ್ತೆ, ಬಾಯ್ಲರ್‌ಗೆ ಹೊಟ್ಟು ಹಾಕೋ ಬಾಯಿ ಹತ್ತಿರ ನಿಲ್ಲೋರಾದರೆ ಮೇಣದ ಬದಲು ಬೆಂಕಿ ಹತ್ತದ ಉಪ್ಪಿನ ಪ್ಯಾಕ್ ಕೇಳಿ.

ಇನ್ನೊಂದು. ಮೈಮುರಿದು ದುಡಿಯುವಾಗ ದೇಹ ಸೆಕೆಂಡಿಗೆ 350 ಜೂಲ್‌ನಷ್ಟು ಶಾಖ ಹೊರಹಾಕುತ್ತೆ. ಎರಡು ಕಿಲೋ ಪ್ಯಾಕ್ ಪೂರ್ತಿ ಕರಗಿದರೂ ಅದು ಇಡೀ ಮೈಯ ಸುಮಾರು ಇಪ್ಪತ್ತು ನಿಮಿಷದ ಶಾಖಕ್ಕೆ ಸಮ. ವೆಸ್ಟ್ ಇದೆಯಲ್ಲ ಅಂತ ಮೇಸ್ತ್ರಿ ನಿಮ್ಮ ನೆರಳಿನ ಹತ್ತು ನಿಮಿಷ ಕಿತ್ತುಕೊಳ್ಳೋಕೆ ಬಂದರೆ ಈ ಲೆಕ್ಕ ತೋರಿಸಿ.