ಕಂಪನಿ ಇಲ್ಲದೆ, ಸಿನಿಮಾ ಇಲ್ಲದೆ, ಬರೀ ಗಿಟಾರ್ ಮತ್ತು ಸ್ವಂತ ಹಾಡು ನಂಬಿಕೊಂಡು ಬದುಕಿದವರು ಯಾರಾದರೂ ಇದ್ದಾರಾ?

ಇದ್ದಾರೆ. ಅವರಲ್ಲಿ ಒಬ್ಬರ ಕಥೆಯನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ನೀವು ಕೇಳಿದ ಎರಡನೇ ಪ್ರಶ್ನೆಗೂ ಉತ್ತರ ಅದರಲ್ಲೇ ಸಿಗುತ್ತದೆ. ನಿಮಗೆ 24 ವರ್ಷ, ಕನ್ನಡದಲ್ಲಿ ಸ್ವಂತ ಹಾಡು ಕಟ್ಟಿ ಗಿಟಾರ್ ಜೊತೆ ಹಾಡುತ್ತೀರಿ. ಒಂದು ಆಡಿಯೋ ಕಂಪನಿ ಹತ್ತು ಹಾಡು ಬರೆದುಕೊಡಿ ಎಂದು ಕೇಳುತ್ತಿದೆ, ಕೊಡಬೇಕಾ ಬೇಡವಾ ಎಂದು ಗೊತ್ತಾಗುತ್ತಿಲ್ಲ. ಇಷ್ಟು ತಾನೇ ನೀವು ಬರೆದಿರುವುದು? ನಾನು ಗಾಯಕ ಅಲ್ಲ. ಬೆಂಗಳೂರಿನಲ್ಲಿ ಸಣ್ಣ ಸಣ್ಣ ಕಾರ್ಯಕ್ರಮಗಳಿಗೆ ಸೌಂಡ್ ನೋಡಿಕೊಳ್ಳುತ್ತೇನೆ. ಹಾಗಾಗಿ ನಿಮ್ಮಂಥ ಹುಡುಗರು, ಹುಡುಗಿಯರು ಬರುವುದನ್ನೂ ಎರಡು ವರ್ಷದಲ್ಲಿ ಕಾಣೆಯಾಗುವುದನ್ನೂ ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಉತ್ತರ ಬರೆಯಬೇಕು ಅನಿಸಿತು.

ನಾನು ಹೇಳಹೊರಟಿದ್ದು ಆನಿ ಡಿಫ್ರಾಂಕೋ ಬಗ್ಗೆ. ಅಮೆರಿಕದ ಬಫಲೋ ಊರಿನಲ್ಲಿ 1970ರಲ್ಲಿ ಹುಟ್ಟಿದವರು. ಬಫಲೋ ಉಕ್ಕಿನ ಕಾರ್ಖಾನೆಗಳ ಊರು. ಈಕೆ ಬೆಳೆಯುವ ಹೊತ್ತಿಗೆ ಆ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಸಂಗೀತದ ದೊಡ್ಡ ಕಂಪನಿಗಳು ಇದ್ದದ್ದು ನ್ಯೂಯಾರ್ಕ್ ನಗರದಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಬಫಲೋಗೆ ಯಾರೂ ಗಾಯಕರನ್ನು ಹುಡುಕಿಕೊಂಡು ಬರುತ್ತಿರಲಿಲ್ಲ. ಆನಿ ಚಿಕ್ಕ ಹುಡುಗಿಯಾಗಿದ್ದಾಗಲೇ ಮೈಕಲ್ ಮೆಲ್ಡ್ರಮ್ ಎಂಬ ಸ್ಥಳೀಯ ಜನಪದ ಗಾಯಕರು ಗಿಟಾರ್ ಹೇಳಿಕೊಟ್ಟರು. ತಾವು ಹಾಡುವ ಬಾರ್‌ಗಳಿಗೂ ಕರೆದುಕೊಂಡು ಹೋದರು. ಮಾತಾಡುತ್ತಾ ಕುಡಿಯುತ್ತಾ ಕೂತವರ ಎದುರು ಹಾಡುವ ಅಭ್ಯಾಸ ಹಾಗೆ ಆಯಿತು. ಹದಿನೈದಕ್ಕೆ ಮನೆಯವರಿಂದ ಬೇರೆಯಾಗಿ ತಾನೇ ದುಡಿದು ಬದುಕತೊಡಗಿದರು. 1990ರಲ್ಲಿ ಮೊದಲ ಆಲ್ಬಂ ಬಂತು. ಆಗ ಇಪ್ಪತ್ತರ ಆಸುಪಾಸು. ಒಂದು ಗಿಟಾರ್, ಒಂದು ದನಿ, ಅಷ್ಟೇ. ಹೊರತಂದಿದ್ದು ತನ್ನದೇ ಸಂಸ್ಥೆ, ರೈಟಿಯಸ್ ಬೇಬ್ ರೆಕಾರ್ಡ್ಸ್.

ಸಂಸ್ಥೆ ಎಂದರೆ ಕಟ್ಟಡ, ಆಫೀಸು ಅಂತೆಲ್ಲ ಅಂದುಕೊಳ್ಳಬೇಡಿ. ಕಾರ್ಯಕ್ರಮ ಮುಗಿದ ಮೇಲೆ ಕ್ಯಾಸೆಟ್ ಮಾರುತ್ತಿದ್ದರು. ಕಾಲೇಜು, ಕಾಫಿ ಹೌಸ್, ಜನಪದ ಸಂಗೀತದ ಹಬ್ಬಗಳು, ಎಲ್ಲಿ ಕರೆದರೂ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಕ್ಯಾಸೆಟ್ ಕೊಂಡ ಹುಡುಗಿ ತನ್ನ ಗೆಳತಿಯರಿಗೆ ಕಾಪಿ ಮಾಡಿ ಕೊಡುತ್ತಿದ್ದಳು. ಮುಂದಿನ ಸಲ ಅದೇ ಊರಿಗೆ ಹೋದಾಗ ಆ ಗೆಳತಿಯರೂ ಬಂದಿರುತ್ತಿದ್ದರು. ಅಂಗಡಿಗಳಿಗೆ ಕ್ಯಾಸೆಟ್ ತಲುಪಿಸಲು ಸಹಾಯ ಮಾಡಿದ್ದು ಮಹಿಳೆಯರ ಸಂಗೀತಕ್ಕಾಗಿಯೇ ಇದ್ದ ಸಣ್ಣ ವಿತರಕರು. ಈ ದಾರಿಯನ್ನೂ ಆಕೆ ಮೊದಲು ಕಡಿದವರಲ್ಲ. ಹಾಲಿ ನಿಯರ್ ಎಂಬ ಗಾಯಕಿ 1972ರಲ್ಲೇ ಸ್ವಂತ ಸಂಸ್ಥೆ ಕಟ್ಟಿದ್ದರು. ಮರುವರ್ಷ ಒಲಿವಿಯಾ ರೆಕಾರ್ಡ್ಸ್ ಶುರುವಾಗಿತ್ತು. ಒಬ್ಬರೇ ನಿಂತು ಗೆದ್ದರು ಎನ್ನುವ ಕಥೆಗಳಲ್ಲಿ ಇಂಥ ಜನರ ಹೆಸರು ಬಿಟ್ಟುಹೋಗುತ್ತದೆ. ನನಗೆ ಅದು ಬೇಜಾರಿನ ವಿಷಯ.

ತೊಂಬತ್ತರ ದಶಕದ ನಡುವೆ ದೊಡ್ಡ ಕಂಪನಿಗಳೂ ಬಂದವು. ಆಕೆ ಒಪ್ಪಲಿಲ್ಲ. 1997ರ ಲೈವ್ ಆಲ್ಬಂ 'ಲಿವಿಂಗ್ ಇನ್ ಕ್ಲಿಪ್'ಗೆ ಅಮೆರಿಕದಲ್ಲಿ ಗೋಲ್ಡ್ ಮನ್ನಣೆ ಸಿಕ್ಕಿತು, ಅಂದರೆ ಐದು ಲಕ್ಷ ಪ್ರತಿಯ ಲೆಕ್ಕ. ಒಂದು ಆಲ್ಬಂ ಮಾರಿದರೆ ಆಕೆಗೆ 4.25 ಡಾಲರ್ ಸಿಗುತ್ತದೆ, ದೊಡ್ಡ ಕಂಪನಿಯ ತಾರೆಯರಿಗೂ ಅಷ್ಟು ಸಿಗುವುದಿಲ್ಲ ಎಂದು ಆಗ ಪತ್ರಿಕೆಗಳು ಬರೆದವು. 'ಮಿಸ್' ಎಂಬ ಮಹಿಳಾ ಪತ್ರಿಕೆ ಕೂಡ ಆಕೆಯನ್ನು ಹೊಗಳುವಾಗ ಇದೇ ಲೆಕ್ಕ ಹೇಳಿತು. ಆನಿ ಆ ಪತ್ರಿಕೆಗೆ ಒಂದು ದೊಡ್ಡ ಪತ್ರ ಬರೆದರು. ನಾನು ಹಾಡು ಕಟ್ಟುವವಳು, ನನ್ನನ್ನು ಈ ದುಡ್ಡಿನ ಲೆಕ್ಕದಿಂದ ಗುರುತಿಸಬೇಡಿ ಎನ್ನುವುದು ಅದರ ತಿರುಳು. ಆ ಪತ್ರ ನನಗೆ ತುಂಬಾ ಇಷ್ಟ. ಆದರೂ ಆ 4.25 ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಹಾಡು ಆಕೆಯದೇ, ರೆಕಾರ್ಡಿಂಗ್ ಕೂಡ ಆಕೆಯದೇ ಆಗಿದ್ದರಿಂದ ಉಳಿದ ದುಡ್ಡು ಅದು. ಕಡಿಮೆ ಕೇಳುಗರಿದ್ದರೂ ಬದುಕು ನಡೆಯುತ್ತದೆ ಎನ್ನುವುದು ಇಲ್ಲಿಂದ ಬಂದ ಮಾತು.

ಸೌಂಡ್‌ನವನಾಗಿ ಒಂದು ವಿಷಯ ಹೇಳಲೇಬೇಕು. ಒಬ್ಬರೇ ಕೂತು ಗಿಟಾರ್ ಮೀಟಿದರೆ ಗಲಾಟೆಯ ಜಾಗದಲ್ಲಿ ಮೂರನೇ ಹಾಡಿಗೆ ಜನ ಮೊಬೈಲ್ ತೆಗೆಯುತ್ತಾರೆ. ಆನಿಯ ಕೈಯಲ್ಲಿ ಗಿಟಾರೇ ಡೋಲು, ಗಿಟಾರೇ ಬೇಸ್. ಬೆರಳಿಗೆ ಕೃತಕ ಉಗುರು ಅಂಟಿಸಿ, ಅದರ ಮೇಲೆ ವೈರಿಂಗ್ ಕೆಲಸದ ಟೇಪ್ ಸುತ್ತಿಕೊಂಡು ತಂತಿಯನ್ನು ಹೊಡೆಯುತ್ತಾರೆ. ಹಾಡಿಗೊಂದು ಶ್ರುತಿ ಬದಲಾಯಿಸುತ್ತಾರೆ. ಬ್ಯಾಂಡ್ ಕಟ್ಟಿಕೊಂಡು ಊರೂರು ತಿರುಗುವಷ್ಟು ದುಡ್ಡು ಇಲ್ಲದ ವರ್ಷಗಳಲ್ಲಿ ಆ ಕೈಯೇ ಆಕೆಯ ಬ್ಯಾಂಡ್. ಅದಕ್ಕೆ ಬೆಲೆಯನ್ನೂ ಕೊಟ್ಟರು. 2005ರಲ್ಲಿ ಮಣಿಕಟ್ಟಿನ ಸ್ನಾಯುರಜ್ಜು ಊದಿಕೊಂಡು ತಿಂಗಳುಗಟ್ಟಲೆ ಕಾರ್ಯಕ್ರಮ ನಿಲ್ಲಿಸಬೇಕಾಯಿತು. ನಮ್ಮಲ್ಲಿ ಗಂಟಲಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಮಣಿಕಟ್ಟಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ದಯವಿಟ್ಟು ಕೈಗೆ ರಜೆ ಕೊಡಿ.

ಬಂದ ದುಡ್ಡಲ್ಲಿ ಏನು ಮಾಡಿದರು ಎನ್ನುವುದು ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು. ಸಂಸ್ಥೆಯನ್ನು ಬಫಲೋದಲ್ಲೇ ಇಟ್ಟರು. ಅಲ್ಲಿ ಕೆಡವಲು ಹೊರಟಿದ್ದ ಹಳೆಯ ಚರ್ಚ್ ಒಂದನ್ನು ಆಕೆ ಮತ್ತು ಮ್ಯಾನೇಜರ್ ಸ್ಕಾಟ್ ಫಿಶರ್ ಸೇರಿ ಉಳಿಸಿದರು. 2006ರಿಂದ ಅದು ಸಂಗೀತದ ಸಭಾಂಗಣ, ಸಂಸ್ಥೆಯ ಆಫೀಸೂ ಅದೇ ಕಟ್ಟಡಕ್ಕೆ ಬಂತು. ಯೂಟಾ ಫಿಲಿಪ್ಸ್ ಎಂಬ ಹಿರಿಯ ಕಾರ್ಮಿಕ ಗಾಯಕರ ಕಥೆಗಳಿಗೆ ತಾನೇ ಸಂಗೀತ ಹೊಂದಿಸಿ 1996ರಲ್ಲಿ ಆಲ್ಬಂ ತಂದರು. ರೈಲ್ವೆ ಹಳಿ, ಮುಷ್ಕರ, ಅಲೆಮಾರಿಗಳ ಕಥೆ ಹೇಳುತ್ತಿದ್ದ ಆ ಮುದುಕರನ್ನು ಕಾಲೇಜು ಹುಡುಗರು ಕೇಳುವ ಹಾಗಾಯಿತು. ಅನಾಯಿಸ್ ಮಿಚೆಲ್ ಎಂಬ ಇನ್ನೊಬ್ಬ ಗಾಯಕಿ ಹಾಡುಗಳಲ್ಲೇ ಒಂದು ನಾಟಕ ಕಟ್ಟಿ ವರ್ಮಾಂಟ್‌ನ ಸಣ್ಣ ಊರುಗಳಲ್ಲಿ ಆಡಿಸುತ್ತಿದ್ದರು. 'ಹೇಡಿಸ್‌ಟೌನ್' ಅದರ ಹೆಸರು. 2010ರಲ್ಲಿ ಅದನ್ನು ಆಲ್ಬಂ ಮಾಡಿದ್ದು ಆನಿಯ ಸಂಸ್ಥೆ. 2019ರಲ್ಲಿ ಅದು ನ್ಯೂಯಾರ್ಕ್‌ನ ದೊಡ್ಡ ನಾಟಕಮಂದಿರಗಳ ಬ್ರಾಡ್‌ವೇಗೆ ಹೋಗಿ, ರಂಗಭೂಮಿಗೆ ಕೊಡುವ 8 ಟೋನಿ ಪ್ರಶಸ್ತಿ ಗೆದ್ದಿತು. 2024ರಲ್ಲಿ ಆನಿಯೇ ಅದರಲ್ಲಿ ಪಾತ್ರ ಮಾಡಿದರು.

ಕಂಪನಿ ಇದ್ದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ನಾನು ನಿಕ್ ಡ್ರೇಕ್ ಹೆಸರು ಹೇಳುತ್ತೇನೆ. ಇಂಗ್ಲೆಂಡಿನ ಹುಡುಗ. ಐಲ್ಯಾಂಡ್ ಎಂಬ ಹೆಸರುವಾಸಿ ಕಂಪನಿ, 1969ರಿಂದ 1972ರ ಒಳಗೆ ಮೂರು ಆಲ್ಬಂ. ಒಂದೊಂದೂ 5 ಸಾವಿರ ಪ್ರತಿ ಕೂಡ ಹೋಗಲಿಲ್ಲ. ಆತನಿಗೆ ವೇದಿಕೆ ಎಂದರೆ ಭಯ, ಕಾರ್ಯಕ್ರಮ ಮಾಡುವುದನ್ನೇ ಬಿಟ್ಟ. 1974ರಲ್ಲಿ, 26ನೇ ವಯಸ್ಸಿನಲ್ಲಿ ತೀರಿಹೋದ. ಸುಮಾರು 25 ವರ್ಷ ಆದಮೇಲೆ ಒಂದು ಕಾರಿನ ಜಾಹೀರಾತಿನಲ್ಲಿ ಆತನ ಹಾಡು ಬಂದು ಜಗತ್ತೇ ಕೇಳಿತು. ಆ ಹಾಡುಗಳಲ್ಲಿ ಒಂದು ಕೊರತೆಯೂ ನನಗೆ ಕಾಣುವುದಿಲ್ಲ. ಎದುರು ಕೂತು ಕೇಳುವವರನ್ನು ಮಾತ್ರ ಕಂಪನಿ ತಂದುಕೊಡಲು ಆಗಲಿಲ್ಲ.

ಈಗ ನಮ್ಮ ಕಡೆಗೆ ಬರೋಣ. ತಾನೇ ಬರೆದು ತಾನೇ ಹಾಡಿಕೊಂಡು ಊರೂರು ತಿರುಗುವುದು ಕನ್ನಡಕ್ಕೆ ಹೊಸದೇನಲ್ಲ ಅಲ್ವಾ? ದಾಸರು ತಂಬೂರಿ ಹಿಡಿದು ಅದನ್ನೇ ಮಾಡಿದರು. ಶಿಶುನಾಳ ಷರೀಫರು 19ನೇ ಶತಮಾನದಲ್ಲಿ ಹಾಡಿದ ತತ್ವಪದಗಳನ್ನು ಜನ ಬಾಯಿಂದ ಬಾಯಿಗೆ ಇವತ್ತಿನವರೆಗೆ ತಂದಿದ್ದಾರೆ. ನಂತರ ಬಂದ ಸುಗಮ ಸಂಗೀತದಲ್ಲಿ ಕೆಲಸ ಹಂಚಿಹೋಯಿತು. ಕವಿ ಒಬ್ಬರು, ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಅವರಂಥ ಸಂಯೋಜಕರು ಇನ್ನೊಬ್ಬರು. ಅದರಿಂದ ನಮಗೆ ಸಿಕ್ಕ ಹಾಡುಗಳು ಅದ್ಭುತ. ಆದರೆ ಹೊಸ ಹುಡುಗ ಸ್ವಂತ ಹಾಡು ಹಾಡಿದರೆ ನಮ್ಮ ಜನ ಮೊದಲು ಕೇಳುವುದು, ಇದು ಯಾರ ಕವನ ಅಂತ. ನಂದೇ ಅಂದರೆ ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾರೆ. ನಿಮಗೂ ಇದು ಆಗಿರುತ್ತದೆ. ತಲೆ ಕೆಡಿಸಿಕೊಳ್ಳಬೇಡಿ, ಹಾಡುವ ಮೊದಲೇ ಹೇಳಿಬಿಡಿ.

ರಘು ದೀಕ್ಷಿತ್ ಅವರನ್ನು ನೋಡಿ. ಮೈಸೂರಿನಲ್ಲಿ ಬೆಳೆದವರು, ಮೈಕ್ರೋಬಯಾಲಜಿ ಓದಿದವರು, ಭರತನಾಟ್ಯ ಕಲಿತವರು. ವರ್ಷಗಟ್ಟಲೆ ಯಾವ ಕಂಪನಿಯೂ ಅವರ ಹಾಡು ತೆಗೆದುಕೊಳ್ಳಲಿಲ್ಲ. ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಅದರಲ್ಲಿ ಅವರ ಸ್ವಂತ ಹಾಡುಗಳ ಜೊತೆ ಷರೀಫರ ಪದಗಳೂ ಇದ್ದವು. ಆಮೇಲೆ 2010ರಲ್ಲಿ ಬಿಬಿಸಿ ಟೀವಿಯ ಜೂಲ್ಸ್ ಹಾಲೆಂಡ್ ಸಂಗೀತ ಕಾರ್ಯಕ್ರಮ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಉತ್ಸವ. ಲುಂಗಿ ಉಟ್ಟು, ಗೆಜ್ಜೆ ಕಟ್ಟಿ ಹಾಡಿದರು. ಅವರು ಸಿನಿಮಾಗೂ ಸಂಗೀತ ಕೊಟ್ಟರು, ಅದು ನಿಜ. ಅದು ತಪ್ಪು ಎಂದು ನಾನು ಹೇಳುವುದಿಲ್ಲ. ಇಲ್ಲಿ ಬದುಕಬೇಕಲ್ಲ. ಅಮೆರಿಕದಲ್ಲಿ ಇರುವಂತೆ ಸ್ವಂತ ಹಾಡಿನವರನ್ನೇ ಕರೆಯುವ ಕಾಲೇಜುಗಳ ಸಾಲು, ಕಾಫಿ ಹೌಸ್‌ಗಳ ಸಾಲು ನಮ್ಮಲ್ಲಿ ಇಲ್ಲ. ಪಬ್‌ನವರು ಸಿನಿಮಾ ಹಾಡು ಕೇಳುತ್ತಾರೆ. ನಾನು ಸೌಂಡ್ ಮಾಡಿದ ಒಂದು ಕಡೆ ಒಬ್ಬ ಹುಡುಗಿ ಎರಡನೇ ಸ್ವಂತ ಹಾಡು ಶುರುಮಾಡಿದಾಗ ಮ್ಯಾನೇಜರ್ ಬಂದು ಸಾಕು ಎಂದು ಸನ್ನೆ ಮಾಡಿದ. ಆಕೆ ಹಾಡು ಮುಗಿಸಿಯೇ ಇಳಿದಳು. ನನಗೆ ಕೈ ನಡುಗುವಷ್ಟು ಸಿಟ್ಟು ಬಂದಿತ್ತು.

ಆದರೆ ನಮ್ಮ ಹತ್ತಿರ ಬೇರೆ ಜಾಗಗಳಿವೆ. ಗಣೇಶನ ಪೆಂಡಾಲ್, ನವೆಂಬರ್ ಪೂರ್ತಿ ನಡೆಯುವ ರಾಜ್ಯೋತ್ಸವಗಳು, ಅಪಾರ್ಟ್‌ಮೆಂಟ್‌ನ ಕನ್ನಡ ಸಂಘ, ಪುಸ್ತಕ ಬಿಡುಗಡೆ, ಹವ್ಯಾಸಿ ನಾಟಕ ತಂಡ, ಯಾರದೋ ಮನೆಯ ಹಾಲ್. ಅಮೆರಿಕ, ಇಂಗ್ಲೆಂಡ್, ದುಬೈಗಳಲ್ಲಿ ಕನ್ನಡ ಕೂಟಗಳಿವೆ. ಅರ್ಧ ಗಂಟೆ ಕೊಟ್ಟರೂ ಹೋಗಿ. ನಾನು ಕಂಡಂತೆ ಉಳಿದುಕೊಂಡವರು ಒಂದು ಅಭ್ಯಾಸ ಬಿಡುವುದಿಲ್ಲ. ಕಾರ್ಯಕ್ರಮ ಮುಗಿದ ತಕ್ಷಣ ಬ್ಯಾಕ್‌ಸ್ಟೇಜ್‌ಗೆ ಓಡುವುದಿಲ್ಲ. ಬಾಗಿಲ ಹತ್ತಿರ ನಿಂತು ಮಾತಾಡುತ್ತಾರೆ, ಒಂದು ನೋಟ್‌ಬುಕ್‌ನಲ್ಲಿ ಕೇಳುಗರ ಹೆಸರು, ನಂಬರ್ ಬರೆಸಿಕೊಳ್ಳುತ್ತಾರೆ, ಮುಂದಿನ ಸಲ ಅವರಿಗೆ ಮೆಸೇಜ್ ಹಾಕುತ್ತಾರೆ. ಸ್ಟ್ರೀಮಿಂಗ್ ದುಡ್ಡನ್ನು ನಂಬಿ ಕೂರಬೇಡಿ. 2024ರಿಂದ ಹಾಡು ಕೇಳಿಸುವ ಸ್ಪಾಟಿಫೈ ಆ್ಯಪ್‌ನಲ್ಲಿ ಒಂದು ಹಾಡು ವರ್ಷಕ್ಕೆ 1000 ಸಲ ಕೇಳಿಸದಿದ್ದರೆ ಆ ಹಾಡಿಗೆ ಏನೂ ಬರುವುದಿಲ್ಲ. ಆ ನೋಟ್‌ಬುಕ್‌ನಲ್ಲಿ ಇನ್ನೂರು ಹೆಸರಾದರೆ ನಿಮ್ಮ ಮುಂದಿನ ರೆಕಾರ್ಡಿಂಗ್ ಖರ್ಚಿಗೆ ಅವರನ್ನೇ ಕೇಳಬಹುದು.

ಇನ್ನು ಕಂಪನಿಯ ಕಾಗದ. ಸಹಿ ಹಾಕುವ ಮೊದಲು ಒಬ್ಬ ವಕೀಲರಿಗೆ ಓದಿಸಿ. ಎರಡು ಹಕ್ಕುಗಳು ಬೇರೆ ಬೇರೆ ಎಂದು ಮೊದಲು ತಿಳಿದುಕೊಳ್ಳಿ. ಸಾಹಿತ್ಯ ಮತ್ತು ರಾಗ ಒಂದು, ರೆಕಾರ್ಡಿಂಗ್ ಇನ್ನೊಂದು. ಸಾಹಿತ್ಯ, ರಾಗದ ಹಕ್ಕು ನಿಮ್ಮ ಜೀವಮಾನ ಪೂರ್ತಿ, ಆಮೇಲೂ 60 ವರ್ಷ ಇರುತ್ತದೆ. ಅದನ್ನು 24ನೇ ವಯಸ್ಸಿನಲ್ಲಿ ಒಂದು ಚೆಕ್‌ಗೆ ಪೂರ್ತಿ ಬರೆದುಕೊಡುವುದು ನನಗೆ ಸರಿ ಕಾಣುವುದಿಲ್ಲ. ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿ ಆದಮೇಲೆ ಬರೆದವರ, ರಾಗ ಹಾಕಿದವರ ರಾಯಲ್ಟಿ ಪಾಲನ್ನು, ಅಂದರೆ ಹಾಡು ಬಳಸಿದಾಗಲೆಲ್ಲ ಬರುವ ದುಡ್ಡಿನ ಪಾಲನ್ನು, ಕಂಪನಿ ಬರೆಸಿಕೊಳ್ಳುವಂತಿಲ್ಲ. ಆ ದುಡ್ಡು ಕೈಗೆ ಬರಬೇಕಾದರೆ, ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ರಾಯಲ್ಟಿ ವಸೂಲಿ ಮಾಡಿ ಕೊಡುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಿ. ನೀವು ಬರೆಯುವವರೂ ಹೌದು, ರಾಗ ಹಾಕುವವರೂ ಹೌದು, ಎರಡರಲ್ಲೂ ಹೆಸರು ಕೊಡಿ. ಹಕ್ಕು ಕೊಡುವುದು ಎಷ್ಟು ವರ್ಷಕ್ಕೆ ಎಂದು ಕಾಗದದಲ್ಲಿ ಇಲ್ಲದಿದ್ದರೆ ಕಾನೂನು ಅದನ್ನು 5 ವರ್ಷ ಎಂದು ತಿಳಿಯುತ್ತದೆ. ಅದಕ್ಕೇ ಕಂಪನಿಯವರು ಶಾಶ್ವತವಾಗಿ, ಜಗತ್ತಿನಾದ್ಯಂತ ಎಂದು ಸೇರಿಸಿರುತ್ತಾರೆ. ಆ ಸಾಲನ್ನು ಹುಡುಕಿ.

ಹತ್ತು ಹಾಡು ಬೇಡ, ಎರಡು ಕೊಡುತ್ತೇನೆ, ಮೂರು ವರ್ಷಕ್ಕೆ ಲೈಸೆನ್ಸ್ ಅಂದರೆ ಬಳಸುವ ಅನುಮತಿ ಮಾತ್ರ, ಹಕ್ಕು ನನ್ನ ಹತ್ತಿರವೇ ಇರಲಿ, ವೇದಿಕೆಯಲ್ಲಿ ಹಾಡಲು ಯಾರ ಅನುಮತಿಯೂ ಬೇಡ ಎಂದು ಬರೆದು ಕಳಿಸಿ. ಒಪ್ಪಿದರೆ ಒಳ್ಳೆಯ ಕಂಪನಿಯೇ, ಕೊಡಿ. ಒಪ್ಪದಿದ್ದರೆ ಹತ್ತು ಹಾಡನ್ನೂ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಎರಡು ಮೈಕ್, ಒಂದು ಸಣ್ಣ ಮಿಕ್ಸರ್ ನನ್ನ ಹತ್ತಿರ ಇದೆ. ಬೆಂಗಳೂರಿನಲ್ಲಿ ಯಾರ ಮನೆಯ ಹಾಲ್‌ನಲ್ಲಾದರೂ ಹಾಡುವುದಾದರೆ ತಿಳಿಸಿ, ತಂದು ಹಾಕುತ್ತೇನೆ.